ಬೀರಣ್ಣನ ಸಾಲಿನ ತುದಿ

ಮೊನ್ನೆ ನಮ್ಮ ಲ್ಯಾಬಿನ ಹಳೆಯ ಮೇನ್ ಸ್ವಿಚ್ ತೆಗೆದು ಹೊಸದು ಕೂಡಿಸಲು ಬಂದಿದ್ದರು. ಹಳೆಯದನ್ನು ಬಿಚ್ಚಿ ಬೆಂಚಿನ ಮೇಲಿಟ್ಟಾಗ, ಒಳಗೆ ಕಿಡಿ ಹಾರಿ ಹಾರಿ ಕಪ್ಪಾಗಿದ್ದ ತಾಮ್ರದ ಪಟ್ಟಿಗಳಿಂದ ಸುಟ್ಟ ವಾಸನೆಯೊಂದು ಎದ್ದಿತು. ಹೊರಗೆ ಮಳೆ ಹಿಡಿದಿತ್ತು. ಕೈಯಲ್ಲಿದ್ದ ಹಾಜರಿ ಪುಸ್ತಕ ಕೈಯಲ್ಲೇ ಉಳಿದು, ನಾನು ಕೆಲವು ವರ್ಷ ಹಿಂದಿನ ಒಂದು ಮಳೆಗಾಲಕ್ಕೆ ಹೋಗಿಬಿಟ್ಟೆ. ಆ ಮೂರು ತಿಂಗಳಲ್ಲಿ ಈ ಸ್ವಿಚ್ಚನ್ನು ಎಳೆದಷ್ಟು ಸಲ ಯಾದಗಿರಿಯಲ್ಲಿ ಬೇರೆ ಯಾವ ಸ್ವಿಚ್ಚನ್ನೂ ಯಾರೂ ಎಳೆದಿರಲಾರರು.

ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮನೆ ಶಹಾಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಭೀಮಾ ದಾಟಿ ಬರುವುದು, ಸಂಜೆ ಮತ್ತೆ ದಾಟಿ ಹೋಗುವುದು. ಪಾಠದ ಜೊತೆಗೇ ಕಲಬುರಗಿಯ ಒಬ್ಬ ಪ್ರೊಫೆಸರರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಅವರನ್ನು ಇಲ್ಲಿ ಗೈಡ್ ಸರ್ ಎಂದೇ ಕರೆಯುತ್ತೇನೆ.

ನನ್ನ ವಿಷಯ ಫೈಲ್ ಸಿಸ್ಟಮ್. ಕಂಪ್ಯೂಟರಿನಲ್ಲಿ ಯಾವ ಫೈಲು ಎಲ್ಲಿದೆ, ಎಷ್ಟು ಉದ್ದ ಇದೆ ಎಂದು ನೋಡಿಕೊಳ್ಳುವ ಪ್ರೋಗ್ರಾಂ ಅದು. ಅಂಥವನ್ನೆಲ್ಲ ಮೊದಲಿನಿಂದಲೂ ಡಿಸ್ಕಿಗಾಗಿ ಬರೆದಿದ್ದರು. ಡಿಸ್ಕ್ ನಿಧಾನ; ಒಂದು ಅಕ್ಷರ ಬರೆಯಬೇಕಿದ್ದರೂ ಅದಕ್ಕೆ ದೊಡ್ಡ ತುಂಡೇ ಬೇಕು. ಮೆಮೊರಿ ಚುರುಕು, ಆದರೆ ಕರೆಂಟ್ ಹೋದರೆ ಎಲ್ಲವನ್ನೂ ಮರೆಯುತ್ತದೆ. ಆ ವರ್ಷಗಳಲ್ಲಿ ಹೊಸ ಬಗೆಯ ಒಂದು ಮೆಮೊರಿ ಬಂದಿತ್ತು. ಕರೆಂಟ್ ಹೋದರೂ ಅದರಲ್ಲಿದ್ದದ್ದು ಹಾಗೇ ಉಳಿಯುತ್ತಿತ್ತು. ಡಿಸ್ಕಿನ ಹಂಗೇ ಇಲ್ಲದೆ, ಸೀದಾ ಅದರ ಮೇಲೆ ಫೈಲುಗಳನ್ನಿಡುವ ಹೊಸ ವ್ಯವಸ್ಥೆಯೊಂದನ್ನು ನಾನು ಕಟ್ಟುತ್ತಿದ್ದೆ.

ತೊಡಕು ಒಂದಿತ್ತು. ಪ್ರೊಸೆಸರ್ ಬರೆದದ್ದು ಆ ಮೆಮೊರಿಗೆ ಒಮ್ಮೆಲೇ ಮುಟ್ಟುವುದಿಲ್ಲ. ನಡುವೆ ಕ್ಯಾಶ್ ಎಂಬ ಚಿಕ್ಕ ಜಾಗವಿದೆ. ಬರೆದದ್ದು ಅರವತ್ನಾಲ್ಕು ಬೈಟಿನ ಪಟ್ಟಿಗಳಾಗಿ ಅಲ್ಲಿ ತುಸು ಹೊತ್ತು ಕೂಡುತ್ತದೆ. ಆಗ ಕರೆಂಟ್ ಹೋದರೆ ಮೆಮೊರಿಗೆ ಮುಟ್ಟಿದ್ದು ಉಳಿಯುತ್ತದೆ, ಕ್ಯಾಶಿನಲ್ಲಿದ್ದದ್ದು ಹೋಗುತ್ತದೆ. ಅದಕ್ಕೇ ನನ್ನ ಪ್ರೋಗ್ರಾಂ ಬರೆದದ್ದನ್ನೆಲ್ಲ ಪಟ್ಟಿ ಪಟ್ಟಿಯಾಗಿ ಹೊರಗೆ ದೂಡಿ, ಅದು ಮುಟ್ಟಿತೆಂದು ಖಾತ್ರಿಯಾದ ಮೇಲೆಯೇ ಫೈಲಿನ ಉದ್ದವನ್ನು ಬದಲಿಸಬೇಕು. ಈ ಸರದಿ ತಪ್ಪಿದರೆ ಫೈಲು ಇದೆ ಅನ್ನುತ್ತದೆ, ಒಳಗೆ ಇರಬೇಕಾದ್ದು ಇರುವುದಿಲ್ಲ.

ಎರಡು ವರ್ಷ ಇದನ್ನೆಲ್ಲ ನಾನು ಸಾಮಾನ್ಯ ಕಂಪ್ಯೂಟರಿನಲ್ಲಿ, ಆ ಮೆಮೊರಿಯಂತೆ ನಟಿಸುವ ಇನ್ನೊಂದು ಪ್ರೋಗ್ರಾಂ ಇಟ್ಟುಕೊಂಡು ಮಾಡಿದ್ದೆ. ಎಲ್ಲ ಸರಿ ಬಂತು. ಪೇಪರ್ ಬರೆದು ಒಂದು ದೊಡ್ಡ ಸಮ್ಮೇಳನಕ್ಕೆ ಕಳಿಸಿದೆ. ಅದು ಒಪ್ಪಿಗೆಯೂ ಆಯಿತು. ಪೇಪರಿನ ಮೊದಲ ವಾಕ್ಯದಲ್ಲಿ ನಾನು ಹೇಳಿಕೊಂಡದ್ದು ಇಷ್ಟು: ಯಾವ ಕ್ಷಣದಲ್ಲಿ ಕರೆಂಟ್ ಹೋದರೂ, ಬರೆದು ಮುಗಿಸಿದ್ದರಲ್ಲಿ ಒಂದು ಬೈಟೂ ಕಳೆಯುವುದಿಲ್ಲ.

ಒಪ್ಪಿಗೆ ಬಂದ ಮೇಲೆ, ಮೇ ತಿಂಗಳ ಕೊನೆಗೆ ನನಗೆ ನಿಜವಾದ ಯಂತ್ರ ಸಿಕ್ಕಿತು. ಗೈಡ್ ಸರ್ ಅವರ ಪರಿಚಯದವರು ಬಳಸದೆ ತೆಗೆದಿಟ್ಟಿದ್ದ ಒಂದು ಸರ್ವರ್, ಒಳಗೆ ಆ ಹೊಸ ಮೆಮೊರಿಯ ಎರಡು ಕಾರ್ಡು. ಅದನ್ನು ಲ್ಯಾಬಿನ ಮೂಲೆಯಲ್ಲಿಟ್ಟೆವು. ಪೇಪರಿನ ಕೊನೆಯ ಪ್ರತಿ ಆಗಸ್ಟಿನಲ್ಲಿ ಕಳಿಸಬೇಕಿತ್ತು. ಅಷ್ಟರೊಳಗೆ ನಿಜವಾದ ಮೆಮೊರಿಯ ಮೇಲೂ ಪರೀಕ್ಷೆ ಮಾಡಿ ಥೀಸಿಸ್ಸಿಗೆ ಒಂದು ಅಧ್ಯಾಯ ಸೇರಿಸುವುದು ನನ್ನ ಲೆಕ್ಕ. ಪರೀಕ್ಷೆ ಎಂದರೆ ಸರಳ. ಯಂತ್ರ ಬರೆಯುತ್ತಿರುವಾಗ ಹೇಳದೆ ಕೇಳದೆ ಕರೆಂಟ್ ತೆಗೆಯಬೇಕು; ಮತ್ತೆ ಕೊಟ್ಟು, ಏನು ಉಳಿದಿದೆ ನೋಡಬೇಕು.

ತೆಗೆಯುವ ಕೆಲಸ ಲ್ಯಾಬ್ ಅಟೆಂಡರ್ ಬೀರಣ್ಣನವರದು. ಊರು ರಾಮಸಮುದ್ರ. ಕುರಿ ಸಾಕುವ ಮನೆತನ. ಅಣ್ಣ ತಮ್ಮಂದಿರು ಇನ್ನೂ ಕುರಿಯ ಹಿಂದೆಯೇ ಇದ್ದಾರೆ. ಇವರೊಬ್ಬರು ಏಳನೆಯವರೆಗೆ ಓದಿ ಕಾಲೇಜು ಸೇರಿಕೊಂಡವರು. ಐವತ್ತೈದು ದಾಟಿತ್ತು. ಮಾತು ಕಡಿಮೆ.

"ನಾ ಹೇಳಿದಾಗ ತೆಗೆಯೋದಲ್ಲ ಬೀರಣ್ಣ," ಎಂದೆ. "ನಿಮಗ ತಿಳದಾಗ ತೆಗೀರಿ. ನನಗ ಮೊದಲೇ ಗೊತ್ತಾಗಬಾರದು."

"ಊಟದಾಗ ಇದ್ರೂ ತೆಗೀಲೇನ್ರಿ?"

"ಊಟದಾಗ ಇದ್ರೂ ತೆಗೀರಿ."

ಪ್ರತಿ ಸಲ ತೆಗೆಯುವ ಮುಂಚೆ ಒಂದು ಸಾಲು ಬರೆದಿಡಬೇಕು ಎಂದೂ ಹೇಳಿದೆ. ಅದಕ್ಕಾಗಿ ಒಂದು ಚಿಕ್ಕ ಪ್ರೋಗ್ರಾಂ ಮಾಡಿಕೊಟ್ಟೆ. ಪಕ್ಕದ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಸಾಲು ಬರೆದು ಗುಂಡಿ ಒತ್ತಿದರೆ, ಅದು ಸರ್ವರಿನಲ್ಲಿ, ನನ್ನದೇ ಫೈಲ್ ಸಿಸ್ಟಮ್ಮಿನಲ್ಲಿ, ಒಂದು ಫೈಲಿನ ತುದಿಗೆ ಸೇರುತ್ತಿತ್ತು. ಬೇರೆ ಕಡೆ ಇಡಬಹುದಿತ್ತು. ಯಾಕೆ ಇಲ್ಲೇ ಇಟ್ಟೆ ಎಂದರೆ, ಇದೇ ಹತ್ತಿರವಿತ್ತು, ಅಷ್ಟೇ.

ಬೀರಣ್ಣ ಎರಡು ಬೆರಳಿನಿಂದ ನಿಧಾನಕ್ಕೆ ಟೈಪ್ ಮಾಡುವರು. ಹೊತ್ತೆಷ್ಟೆಂದು ಬರೆದು ಸುಮ್ಮನಾಗಿ ಎಂದರೆ ಕೇಳಲಿಲ್ಲ, ಮುಗಿಲನ್ನೂ ಬರೆಯುತ್ತಿದ್ದರು. ಪಡುವಣ ಗಾಳಿ ಬಿಟ್ಟದ, ಮೋಡ ಕಟ್ಟ್ಯಾವ, ಈಗ ತೆಗೀತೀನಿ. ರಾತ್ರಿ ಮಳಿ ಆಗ್ಯಾದ, ಹೆಸರು ಬಿತ್ತಾಕತ್ತಾರ, ಈಗ ತೆಗೀತೀನಿ. ನನಗೆ ಅದು ಹಿಡಿಸಿತು, ಬೇಡ ಅನ್ನಲಿಲ್ಲ.

ಜೂನ್ ಹೀಗೆ ಹೋಯಿತು. ಪಾಠ ಮಾಡುತ್ತಿದ್ದಾಗ ಫಟ್ ಎಂದು ಸ್ವಿಚ್ಚಿನ ಸದ್ದು ಕೇಳುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು, ಹುಡುಗಿಯರು ನಗುತ್ತಿದ್ದರು. ಸಂಜೆ ನನ್ನ ಪರೀಕ್ಷೆಯ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಎಲ್ಲ ಇದ್ದಲ್ಲೇ ಇರುತ್ತಿತ್ತು. ಸಾವಿರಗಟ್ಟಲೆ ಫೈಲು, ಒಂದೂ ಕೆಟ್ಟಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹೊಸ ನೀರು ತುಂಬಿದ ಭೀಮಾ ನೋಡುತ್ತ ಮನೆಗೆ ಹೋಗುವಾಗ ನನಗೆ ನನ್ನ ಮೇಲೇ ಒಂದಿಷ್ಟು ಹೆಮ್ಮೆ ಇತ್ತು. ಇಲ್ಲ ಎಂದು ಯಾಕೆ ಹೇಳಲಿ.

ಕೆಟ್ಟು ಬರುತ್ತಿದ್ದುದು ಬೀರಣ್ಣನ ಸಾಲುಗಳು ಮಾತ್ರ. ಎಲ್ಲವೂ ಅಲ್ಲ. ಮೂರು ಸರಿ ಇದ್ದರೆ ಒಂದರ ತುದಿ ಇರುತ್ತಿರಲಿಲ್ಲ. 'ಮೋಡ ಕಟ್ಟ್ಯಾವ, ಈಗ ತೆ' ಎಂದು ಮುಗಿದು, ಆಮೇಲೆ ಪ್ರಶ್ನೆ ಗುರುತಿನ ಒಂದು ಕರಿ ಚೌಕ. ಅವರಿಗೆ ಟೈಪಿಂಗ್ ಹೊಸದು, ಅವಸರದಲ್ಲಿ ಅರ್ಧಕ್ಕೇ ಗುಂಡಿ ಒತ್ತುತ್ತಾರೆ ಎಂದುಕೊಂಡೆ.

"ಪೂರ್ತಿ ಬರೀರಿ ಬೀರಣ್ಣ, ಅರ್ಧಮರ್ಧ ಬರೀಬ್ಯಾಡ್ರಿ," ಎಂದು ಒಮ್ಮೆ ಹೇಳಿದೆ.

"ಹೂಂರಿ," ಎಂದರು.

ಮುಂದಿನ ವಾರವೂ ಹಾಗೇ ಆಯಿತು. ಅವತ್ತು ಲ್ಯಾಬಿನಲ್ಲಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳಿದ್ದರು. ನಾನು ಪರದೆ ಬೀರಣ್ಣನ ಕಡೆ ತಿರುಗಿಸಿ ಕೇಳಿದೆ: "ಮತ್ತ ಅರ್ಧಕ್ಕೇ ಬಿಟ್ಟೀರಲ್ಲ?"

"ನಾ ಪೂರ್ತಿನೇ ಬರದೀನ್ರಿ."

"ಬರದಿದ್ರ ಅಕ್ಷರ ಎಲ್ಲಿ ಹೋದುವು? ಯಂತ್ರ ತಿಂತೇನು?"

ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಬೀರಣ್ಣ ಪರದೆಯನ್ನೊಮ್ಮೆ ನೋಡಿ, ಕೈಯಲ್ಲಿದ್ದ ಬಟ್ಟೆಯಿಂದ ಮೇಜು ಒರೆಸುತ್ತ ಆಚೆಗೆ ಹೋದರು. ಮರುದಿನದಿಂದ ಅವರು ಟೈಪ್ ಮಾಡುವುದನ್ನು ಬಿಟ್ಟರು. ಸ್ವಿಚ್ ತೆಗೆಯುವುದು ಮಾತ್ರ ನಡೆದಿತ್ತು. ನಾನೂ ಕೇಳಲಿಲ್ಲ. ಒಂದು ವಾರ ಕಳೆದ ಮೇಲೆ ಅವರು ಕೆಲಸಕ್ಕೇ ಬರಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ಆಫೀಸಿನವರನ್ನು ಕೇಳಿದರೆ ರಜೆ ಬರೆದಿದ್ದಾರೆ ಎಂದರು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು ಎಂದು ನನಗನ್ನಿಸಿತು.

ನಾಲ್ಕನೆಯ ದಿನ ಶನಿವಾರ. ಅರ್ಧ ದಿನದ ಪಾಠ ಮುಗಿಸಿ ರಾಮಸಮುದ್ರದ ಟಂಟಂ ಆಟೊ ಹತ್ತಿದೆ. ಹೊರಡುವಾಗ ಅವರ ಸಾಲುಗಳ ಫೈಲನ್ನು ಪ್ರಿಂಟ್ ತೆಗೆದು ಚೀಲದಲ್ಲಿ ಹಾಕಿಕೊಂಡಿದ್ದೆ. ತುದಿ ಹೋದ ಸಾಲುಗಳಲ್ಲಿ ಏನಿತ್ತು ಎಂದು ಕೇಳಿ ತುಂಬಿಸಿಕೊಳ್ಳೋಣ, ಆ ನೆಪದಲ್ಲಿ ಮಾತೂ ಆಗಲಿ ಎಂದು.

ಊರ ಹೊರಗೆ ಅವರ ಮನೆ, ಮನೆಯ ಬಾಜುವೇ ಕುರಿಹಟ್ಟಿ. ಬೀರಣ್ಣ ಒಂದು ಕುರಿಯನ್ನು ಮಗ್ಗುಲಾಗಿ ಕೆಡವಿಕೊಂಡು ಅದರ ಗೊರಸು ತೊಳೆಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು.

"ಏನ್ರಿ ಮೇಡಂ, ಇಲ್ಲೀತನಕಾ?"

"ನೀವು ಬರಲಿಲ್ಲಲ್ಲ. ನನ್ನ ಮ್ಯಾಲ ಸಿಟ್ಟಾಗೀರಿ ಅಂತ ಬಂದೆ."

"ಸಿಟ್ಟ್ಯಾಕ್ರಿ. ಹಸಿಗಿ ನಿಂತು ನಿಂತು ಕುರಿಗೋಳ ಗೊರಸು ಕೊಳ್ತಾವ. ಅಣ್ಣಗ ಒಬ್ಬಗೇ ಆಗಲ್ಲದು, ಅದಕ್ಕ ರಜಾ ಹಾಕೀನಿ." ಕುರಿಯನ್ನು ಎಬ್ಬಿಸಿ ಬಿಟ್ಟು, ಕೈ ತೊಳೆದುಕೊಂಡು ಹೇಳಿದರು: "ಅವತ್ತ ಜರಾ ಬ್ಯಾಸರ ಆಗಿತ್ತು. ಖರೇನ ಹೇಳ್ತೀನಿ."

ಅವರ ಮನೆಯಾಕೆ ಕೂರಲು ಹಗ್ಗದ ಹೊರಸು ಹಾಕಿ, ಚಹಾ ತಂದುಕೊಟ್ಟರು. ನಾನು ಪ್ರಿಂಟ್ ತೆಗೆದೆ. ತುದಿ ಹೋದ ಸಾಲುಗಳಿಗೆ ಕೆಂಪು ಗೆರೆ ಎಳೆದಿದ್ದೆ. "ಇಲ್ಲೆ ಏನು ಬರದಿದ್ರಿ, ನೆನಪದ ಏನು?"

"ನೆನಪು ಯಾಕ್ರಿ, ಬರಕೊಂಡೀನಿ," ಎಂದು ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಟೈಪ್ ಮಾಡುವ ಮೊದಲು ಪ್ರತಿ ಸಾಲನ್ನೂ ಅದರಲ್ಲಿ ಪೆನ್ನಿನಿಂದ ಬರೆದು, ಆಮೇಲೆ ಅಕ್ಷರ ಅಕ್ಷರ ನೋಡಿಕೊಂಡು ಒತ್ತುತ್ತಿದ್ದರಂತೆ. ಒತ್ತಿದ ಅಕ್ಷರದ ಮೇಲೆ ಚಿಕ್ಕ ಗೀಟು. ಪ್ರತಿ ಸಾಲಿನ ಕೊನೆಯ ಅಕ್ಷರದವರೆಗೂ ಗೀಟು ಇತ್ತು.

ಅವರು ನೋಟ್‌ಬುಕ್ಕಿನಿಂದ ಓದುತ್ತ ಹೋದರು, ನಾನು ಪ್ರಿಂಟಿನಲ್ಲಿ ನೋಡುತ್ತ ಹೋದೆ. ಒಂದರಲ್ಲಿ ಮೂರು ಅಕ್ಷರ ಹೋಗಿತ್ತು, ಇನ್ನೊಂದರಲ್ಲಿ ಇಡೀ 'ತೆಗೀತೀನಿ'. ಹೋದದ್ದು ಯಾವಾಗಲೂ ತುದಿಯೇ.

ಕಂಪ್ಯೂಟರ್ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್ ಹಿಡಿಯುತ್ತದೆ. ಮೇಲಿನ ಗುಡಿಸು, ಕೊಂಬಿಗೂ ಮತ್ತೆ ಮೂರು ಮೂರು. ಪ್ರಿಂಟಿನ ಎಡಕ್ಕೆ, ಆ ಸಾಲು ಫೈಲಿನ ಎಷ್ಟನೆಯ ಬೈಟಿನಿಂದ ಶುರುವಾಗುತ್ತದೆ ಎಂಬ ಅಂಕಿ ಇತ್ತು. ಉಳಿದ ಅಕ್ಷರಗಳನ್ನು ಎಣಿಸಿ, ಆ ಅಂಕಿಗೆ ಕೂಡಿಸಿ, ಅರವತ್ನಾಲ್ಕರಿಂದ ಭಾಗಿಸಿದೆ. ಗಡಿಗೆ ಒಂದು ಕಡಿಮೆ ಬಂತು. ಎರಡನೆಯದಕ್ಕೆ ಎರಡು ಕಡಿಮೆ ಬಂತು. ಒಂದು ಅಕ್ಷರದ ಮೂರು ಬೈಟಿನಲ್ಲಿ ಗಡಿಯ ಈಚೆಗಿದ್ದದ್ದು ಉಳಿದು ಆಚೆಗಿದ್ದದ್ದು ಹೋದರೆ ಕರಿ ಚೌಕ ಬರದೆ ಇನ್ನೇನು ಬರುತ್ತದೆ ಎಂದು ಹೊಳೆದಾಗ, ಆ ತುಣುಕನ್ನೂ ಹಿಡಿದು ಎಣಿಸಿದೆ. ಈ ಸಲ ಪ್ರತಿಯೊಂದೂ ಸರಿಯಾಗಿ ಪಟ್ಟಿಯ ಗಡಿಗೇ ಬಂದು ನಿಂತಿತು. ಸಾಲು ಕೆಟ್ಟದ್ದಲ್ಲ. ಕೊನೆಯ ಪಟ್ಟಿಯನ್ನು ನನ್ನ ಪ್ರೋಗ್ರಾಂ ಹೊರಗೆ ದೂಡಿಯೇ ಇರಲಿಲ್ಲ.

ಅಲ್ಲೇ ಹೊರಸಿನ ಮೇಲೆ ಕೂತಲ್ಲಿಯೇ ಕಾರಣವೂ ತಿಳಿಯಿತು. ಬರಹ ಒಂದು ಪಟ್ಟಿಯ ನಡುವಿನಿಂದ ಶುರುವಾದರೆ, ನನ್ನ ಪ್ರೋಗ್ರಾಂ ಅಲ್ಲಿಂದ ಅರವತ್ನಾಲ್ಕು ಅರವತ್ನಾಲ್ಕು ಹೆಜ್ಜೆ ಹಾಕುತ್ತ ಹೋಗಿ, ಕೊನೆಯ ಪಟ್ಟಿಗೆ ಕಾಲಿಡುವ ಮೊದಲೇ ಮುಗಿಯಿತೆಂದು ನಿಂತುಬಿಡುತ್ತಿತ್ತು. ನನ್ನ ಪರೀಕ್ಷೆಯ ಸಾವಿರಾರು ಫೈಲುಗಳೆಲ್ಲ ನಾನೇ ಅಳತೆಗೆ ಕತ್ತರಿಸಿದವು. ಎಲ್ಲವೂ ಗಡಿಯಲ್ಲಿ ಶುರು, ಗಡಿಯಲ್ಲಿ ಮುಗಿತಾಯ. ಅವುಗಳಿಗೆ ಏನೂ ಆಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೂ ಅಳತೆ ಇಲ್ಲದ ಸಾಲಿಗೆ ಇದೇ ಗತಿಯಾಗುತ್ತಿತ್ತು. ಆದರೆ ಆ ಯಂತ್ರದಲ್ಲಿ ಒಬ್ಬ ಮನುಷ್ಯ ತನಗೆ ತೋಚಿದಷ್ಟು ಉದ್ದ ಬರೆದ ಸಾಲು ಇವರದೊಂದೇ.

"ಬೀರಣ್ಣ," ಎಂದೆ, "ನೀವು ಪೂರ್ತಿನೇ ಬರದೀರಿ. ಕಳದದ್ದು ನಾನು. ತಪ್ಪಾಯ್ತು."

"ನಾ ಹೇಳಿದ್ದೆನಲ್ರಿ," ಎಂದರು. ಆಮೇಲೆ, "ರೊಟ್ಟಿ ಆಗ್ಯಾವ, ಉಂಡು ಹೋಗ್ರಿ."

ಉಂಡೆ. ಆದರೆ ರುಚಿ ಗೊತ್ತಾಗಲಿಲ್ಲ. ಪೇಪರಿನ ಮೊದಲ ವಾಕ್ಯ ತಲೆಯಲ್ಲಿ ಕೊರೆಯುತ್ತಿತ್ತು.

ಸೋಮವಾರ ಪ್ರೋಗ್ರಾಂ ತಿದ್ದಿದೆ. ತಿದ್ದಬೇಕಾದ್ದು ಎರಡೇ ಸಾಲು. ನಂತರ ಗೈಡ್ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ತಿದ್ದೀಯಲ್ಲ, ಮುಗೀತು. ಅದನ್ನ ಪೇಪರಿನವರ ಮುಂದ ಯಾಕ ಎತ್ತತೀ?"

"ಸರ್, ಅಲ್ಲಿ ಕೊಟ್ಟ ವೇಗದ ಅಂಕಿ ಎಲ್ಲಾ ತಪ್ಪು ಇದ್ದಾಗ, ಅಳತಿ ಇಲ್ಲದ ಬರಹದ ಮ್ಯಾಲ ಅಳದದ್ದು. ಒಂದು ಪಟ್ಟಿ ಕಡಿಮಿ ದೂಡಿದ್ರ ವೇಗ ಹೆಚ್ಚೇ ಬರತದ."

"ಎಷ್ಟು ಫರಕ್ ಬಂದೀತು?"

"ಗೊತ್ತಿಲ್ರಿ. ಮತ್ತ ಅಳೀಬೇಕು. ಇರೋ ಹೆಚ್ಚುಗಾರಿಕಿ ಎಲ್ಲಾ ಹೋದ್ರೂ ಹೋದೀತು."

ಅವರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ನೋಡವ್ವ, ಈ ಮೆಮೊರಿ ಮಾಡೋದನ್ನ ನಿಲ್ಲಸಾಕತ್ತಾರ. ಬರೋ ವರ್ಷ ಈ ವಿಷಯ ಯಾರೂ ಕೇಳಂಗಿಲ್ಲ. ಈಗ ತಪ್ಪಿದ್ರ ನಿನ್ನ ಮೂರು ವರ್ಷ ಹೋಗತಾವ. ಅದಕ್ಕ ಹೇಳ್ತೀನಿ." ಕೊನೆಗೆ, "ನಿನ್ನ ಹೆಸರು ಮೊದಲದ. ನೀನ ವಿಚಾರ ಮಾಡು," ಎಂದರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ನನ್ನ ಚಿಂತೆಯನ್ನೇ ಅವರು ಬಾಯಿಬಿಟ್ಟು ಹೇಳಿದ್ದರು.

ಅಷ್ಟರಲ್ಲಿ ಪಂಚಮಿ ಬಂತು. ತವರು ಸುರಪುರ. ಹಬ್ಬಕ್ಕೆ ಹೋದೆ, ಹೋದವಳು ಮೂಲೆ ಹಿಡಿದು ಕೂತೆ. ಅವ್ವ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದವಳು. ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಳು. ನಾನೂ ಕೈ ಹಚ್ಚಿದೆ, ಆದರೆ ನನ್ನ ಉಂಡಿಗಳೆಲ್ಲ ಒಡೆಯುತ್ತಿದ್ದವು.

"ಏನಾಗ್ಯಾದ ಹೇಳು," ಎಂದಳು.

ಹೇಳಿದೆ. ಕ್ಯಾಶು, ಪಟ್ಟಿ ಎಲ್ಲ ಬಿಟ್ಟು, ನಾನು ಖಾತ್ರಿ ಎಂದು ಬರೆದುಕೊಟ್ಟ ಮಾತು ಖಾತ್ರಿ ಇರಲಿಲ್ಲ ಎಂದಷ್ಟೇ ಹೇಳಿದೆ.

"ಅವರಿಗಿ ಗೊತ್ತಾಗ್ಯಾದೇನು?"

"ಇಲ್ಲ. ನಾ ಹೇಳದಿದ್ರ ಗೊತ್ತಾಗಂಗಿಲ್ಲ."

ಅವ್ವ ಕೈಯಲ್ಲಿದ್ದ ಉಂಡಿಯನ್ನು ತಟ್ಟೆಯಲ್ಲಿಟ್ಟಳು. "ಮೂವತ್ತು ವರ್ಷ ಸಾಲ್ಯಾಗ ಕಾಪಿ ತಿದ್ದೀನಿ. ಟೀಚರ, ಇಲ್ಲಿ ನಂದು ತಪ್ಪಾಗ್ಯಾದ ಅಂತ ತಾನೇ ತಂದು ತೋರಿಸಿದ ಹುಡುಗಿಗಿ ನಾ ಎಂದೂ ಬೈದಿಲ್ಲ. ಹಿಂದಿಂದ ನನಗ ಸಿಕ್ಕಾಗ ಮಾತ್ರ ಬೈದೀನಿ. ಅವರೂ ಓದಿದವರೇ ಅದಾರಲ್ಲ."

ಆ ಮಧ್ಯಾಹ್ನವೇ ಪಡಸಾಲೆಯಲ್ಲಿ ಕೂತು ಸಮ್ಮೇಳನದವರಿಗೆ ಮೇಲ್ ಬರೆದೆ. ತಪ್ಪು ಏನು, ಹೇಗೆ ಸಿಕ್ಕಿತು, ಯಾವ ಅಂಕಿಗಳನ್ನು ನಂಬಬಾರದು, ಎಲ್ಲ ಬರೆದೆ. ಪೇಪರ್ ಹಿಂತೆಗೆದುಕೊಳ್ಳಿ ಎಂದರೆ ತೆಗೆದುಕೊಳ್ಳುತ್ತೇನೆ ಎಂದೂ ಬರೆದೆ. ಕಳಿಸಿದ ಮೇಲೆ ಗೈಡ್ ಸರ್‌ಗೂ ತಿಳಿಸಿದೆ. "ಆಯ್ತವ್ವ," ಎಂದರು, ಅಷ್ಟೇ.

ನಾಲ್ಕು ದಿನ ಉತ್ತರವಿಲ್ಲ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಓಣಿಯ ಹೆಣ್ಣುಮಕ್ಕಳು ಜೀಕುತ್ತಿದ್ದರು. ನನ್ನನ್ನೂ ಕರೆದರು, ಹೋಗಲಿಲ್ಲ. ಮಳೆ ಬಂದು ಬಂದು ಬಿಡುತ್ತಿತ್ತು. ಮೂರು ವರ್ಷದ ಕೆಲಸ, ದಿನದ ಎರಡು ಬಸ್ಸು, ರಜೆಗಳನ್ನೆಲ್ಲ ಲ್ಯಾಬಿನಲ್ಲಿ ಕಳೆದದ್ದು, ಎಲ್ಲ ಒಂದು ಹೆಜ್ಜೆಯ ತಪ್ಪಿಗೆ ಹೋಯಿತು ಎಂದು ನಾನು ಒಳಗೊಳಗೇ ಒಪ್ಪಿಕೊಂಡುಬಿಟ್ಟಿದ್ದೆ.

ಐದನೆಯ ದಿನ ಶಹಾಪುರಕ್ಕೆ ಹೊರಡಲು ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಉತ್ತರ ಬಂತು. ಎರಡು ಸಲ ಓದಿದೆ. ತಪ್ಪನ್ನು ನೀವಾಗಿಯೇ ತಿಳಿಸಿದ್ದು ಒಳ್ಳೆಯದಾಯಿತು, ಮೂರು ವಾರ ಕೊಡುತ್ತೇವೆ, ತಿದ್ದಿ ಮತ್ತೆ ಅಳೆದು ಕಳಿಸಿ, ಈ ತಪ್ಪು ಹೇಗೆ ಸಿಕ್ಕಿತೆಂಬುದನ್ನೂ ಪೇಪರಿನಲ್ಲಿ ಬರೆಯಿರಿ, ಇದೇ ದಾರಿಯಲ್ಲಿರುವ ಬೇರೆಯವರಿಗೆ ಅದು ಬೇಕಾಗುತ್ತದೆ ಎಂದಿತ್ತು. ನನ್ನ ಬಸ್ಸು ಬಂದು ನಿಂತು, ತುಂಬಿಕೊಂಡು ಹೋಯಿತು. ನಾನು ಹತ್ತಲಿಲ್ಲ. ಅಲ್ಲಿಯ ಕಲ್ಲಿನ ಬೆಂಚಿನ ಮೇಲೆ ಕೂತು, ಎಷ್ಟೋ ವಾರಗಳ ಮೇಲೆ ಮೊದಲ ಸಲ ಪೂರ್ತಿ ಉಸಿರು ಬಿಟ್ಟೆ. ಅವ್ವ ಕಟ್ಟಿಕೊಟ್ಟಿದ್ದ ಡಬ್ಬಿ ಬಿಚ್ಚಿ ಎರಡು ಉಂಡಿ ತಿಂದೆ. ಅವತ್ತು ರುಚಿ ಗೊತ್ತಾಯಿತು.

ಮುಂದಿನ ಮೂರು ವಾರ ಯಾದಗಿರಿಯಲ್ಲಿ ಸ್ವಿಚ್ ಎಳೆಯುವುದು, ಬಿಡುವುದು, ಅಳೆಯುವುದು. ಪರೀಕ್ಷೆಯ ಫೈಲುಗಳನ್ನು ಈ ಸಲ ಅಳತೆಗೆ ಕತ್ತರಿಸಲಿಲ್ಲ. ಎಲ್ಲೆಂದರಲ್ಲಿ ಶುರುವಾಗಿ ಎಲ್ಲೆಂದರಲ್ಲಿ ಮುಗಿಯುವಂತೆ ಬಿಟ್ಟೆ. ವೇಗ ತುಸು ಇಳಿಯಿತು, ಅಂಜಿದಷ್ಟು ಇಳಿಯಲಿಲ್ಲ. ಹಳೆಯ ಪದ್ಧತಿಗಳಿಗಿಂತ ಇನ್ನೂ ಮುಂದೇ ಇತ್ತು. ಗೈಡ್ ಸರ್ ಅಂಕಿಗಳನ್ನು ನೋಡಿ, "ಛಲೋ ಆತು, ನನ್ನ ಮಾತು ನೀ ಕೇಳಲಿಲ್ಲ, ಅದೇ ಛಲೋ ಆತು," ಎಂದು ನಕ್ಕರು. ಆ ಮೆಮೊರಿ ತಯಾರಿಸುವುದು ನಿಂತೇ ಹೋಯಿತು, ಅದೂ ನಿಜ. ಆದರೆ ಅಂಥದ್ದು ಮತ್ತೊಂದು ಬಂದಾಗ ಅದಕ್ಕೂ ಪಟ್ಟಿಗಳಿರುತ್ತವೆ, ಪಟ್ಟಿಗಳಿಗೆ ಗಡಿಗಳಿರುತ್ತವೆ.

ಪೇಪರ್ ಕಳಿಸುವ ಹಿಂದಿನ ದಿನ ಮಧ್ಯಾಹ್ನ ಬೀರಣ್ಣನನ್ನು ಕರೆದೆ. "ಇವತ್ತ ಕೊನೀ ಸಲ. ನೀವ ಬರದು ನೀವ ತೆಗೀರಿ. ಎಷ್ಟು ಉದ್ದ ಬೇಕಾದ್ರೂ ಬರೀರಿ."

ಅವರು ನೋಟ್‌ಬುಕ್ ತೆಗೆಯಲಿಲ್ಲ. ಪರದೆಯನ್ನು ನನಗೆ ಕಾಣದಂತೆ ತುಸು ತಿರುಗಿಸಿಕೊಂಡು, ಎರಡು ಬೆರಳಿನಿಂದ ಬಹಳ ಹೊತ್ತು ಟೈಪ್ ಮಾಡಿದರು. ಗುಂಡಿ ಒತ್ತಿದರು, ಎದ್ದು ಹೋಗಿ ಸ್ವಿಚ್ ಎಳೆದರು. ಫ್ಯಾನು ನಿಂತಿತು. ಮತ್ತೆ ಕೊಟ್ಟ ಮೇಲೆ ಸರ್ವರ್ ಏಳಲು ಕೆಲವು ನಿಮಿಷ ಹಿಡಿಯಿತು. ಫೈಲು ತೆರೆದು, ನಾನು ಹಿಂದೆ ಸರಿದು ಅವರಿಗೆ ಜಾಗ ಬಿಟ್ಟೆ. ಅವರು ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ಓದಿದರು.

"ಇವತ್ತ ಮಳಿ ನಿಂತದ, ಭೀಮಾ ಇಳದಾಳ, ಕುರಿಗೋಳು ಕಾಲು ಹಚ್ಚಿ ನಡ್ಯಾಕತ್ತಾವ, ಮೇಡಂ ಬಾಜು ಕುಂತಾರ, ನಾ ಬರದದ್ದು ಇಷ್ಟು, ಈಗ ತೆಗೀತೀನಿ."

ಓದಿ ಮುಗಿಸಿದ ಮೇಲೂ ಬೆರಳು ತೆಗೆಯಲಿಲ್ಲ. ಇನ್ನಷ್ಟು ಬಗ್ಗಿ ಪರದೆಯ ಹತ್ತಿರಕ್ಕೆ ಹೋಗಿ ನೋಡಿದರು.

"ಕೊನೀಗಿ ಹಾಕಿದ ಚುಕ್ಕಿನೂ ಅದ್ರಿ," ಎಂದರು.